ಓದದೆ ಹೆದರಿದ ವರದಿ

ಮಳೆಗಾಲದಲ್ಲಿ ಮಲೆನಾಡಿನ ನೆಂಟರ ಮನೆಗೆ ಹೋಗುವವನು ಎರಡು ವಸ್ತುಗಳನ್ನು ಮರೆಯದೆ ಕೊಂಡೊಯ್ಯಬೇಕು: ಒಂದು ಕೊಡೆ, ಇನ್ನೊಂದು ತಾಳ್ಮೆ. ೨೦೨೪ರ ಆಗಸ್ಟಿನಲ್ಲಿ ಚಿಕ್ಕಮಗಳೂರಿನಿಂದ ಕಳಸದ ಆಚೆಯ ಸೋದರಮಾವನ ಮನೆಗೆ ಹೊರಟ ನಾನು ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದೆ. ಉಳಿದದ್ದು ತಾಳ್ಮೆಯೊಂದೆ. ಮಾವನ ಜಗಲಿಯನ್ನು ಹತ್ತಿದೊಡನೆ ಅದಕ್ಕೂ ಪರೀಕ್ಷೆಯೊದಗಿತು.

ಜಗಲಿಯಲ್ಲಿ ಆಗಲೇ ನೆರೆಯವರು ನಾಲ್ಕಾರು ಮಂದಿ ಕುಳಿತಿದ್ದರು. ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜೀವಗಳು ಮಣ್ಣುಪಾಲಾದ ಮರುದಿನವೇ, ಜುಲೈ ೩೧ರಂದು, ಕೇಂದ್ರದ ಪರಿಸರ ಸಚಿವಾಲಯವು ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶಗಳ ಕರಡು ಅಧಿಸೂಚನೆಯನ್ನು ಆರನೆಯ ಸಲ ಹೊರಡಿಸಿದ್ದಿತು. ಆರು ರಾಜ್ಯಗಳು ಸೇರಿ ೫೬,೦೦೦ ಚದರ ಕಿಲೋಮೀಟರಿಗೂ ಮಿಕ್ಕ ನೆಲ. ಅದರಲ್ಲಿ ನಮ್ಮ ರಾಜ್ಯದ್ದೇ ೨೦,೦೦೦ಕ್ಕೂ ಹೆಚ್ಚು. ಆಕ್ಷೇಪಣೆಯುಳ್ಳವರು ೬೦ ದಿನಗಳೊಳಗೆ ತಿಳಿಸತಕ್ಕದ್ದು.

“ಕಾಫಿಗಿಡವನ್ನೆಲ್ಲ ಕಿತ್ತುಹಾಕಬೇಕಂತೆ” ಎಂದರು ಒಬ್ಬರು.

“ಮನೆಯ ಹೆಂಚು ಬದಲಾಯಿಸುವುದಕ್ಕೂ ಅಪ್ಪಣೆ ಬೇಕಂತೆ” ಎಂದರು ಇನ್ನೊಬ್ಬರು.

“ನಮ್ಮನ್ನೆಲ್ಲ ಎಬ್ಬಿಸಿ ಬಯಲುಸೀಮೆಗೆ ಕಳಿಸುತ್ತಾರಂತೆ” ಎಂದು ಮೂರನೆಯವರು ಮುಗಿಸಿಬಿಟ್ಟರು.

ಅಂತೆ ಕಂತೆಗಳ ಬೊಂತೆ ಬೆಳೆಯುತ್ತಲೇ ಇದ್ದಿತು. ನಾನು ಮೆಲ್ಲನೆ ಕೇಳಿದೆ: “ಮಾವ, ಆ ವರದಿಯನ್ನು ನೀವು ಓದಿದ್ದೀರಾ?”

“ನಾನೆಲ್ಲಿ ಓದಲಿ ಮಾರಾಯ? ಅದಿರುವುದು ಡೆಲ್ಲಿಯಲ್ಲಿ!”

ಉಳಿದವರ ಮುಖವನ್ನು ನೋಡಿದೆ. ಓದಿದವರು ಒಬ್ಬರೂ ಇರಲಿಲ್ಲ. ಹತ್ತು ವರ್ಷಗಳಿಂದ ಆ ಊರಿನ ನಿದ್ದೆಗೆಡಿಸಿದ್ದ ಕಾಗದವನ್ನು ಆ ಊರಿನವರು ಕಣ್ಣಿಂದ ಕಂಡಿರಲಿಲ್ಲ.

ಆಗ ಮಂಗಳೂರಿನ ಕಾಲೇಜಿನಲ್ಲಿ ಓದುತ್ತಿರುವ ಮಾವನ ಮೊಮ್ಮಗಳು ಬಾಗಿಲಲ್ಲಿ ನಿಂತು, “ಅಜ್ಜಯ್ಯ, ಅದು ಡೆಲ್ಲಿಯಲ್ಲೇ ಕೂತಿಲ್ಲ. ಈ ಫೋನಿಗೇ ಇಳಿಸಿಕೊಳ್ಳಬಹುದು. ಒಂದು ಕಾಸೂ ಕೊಡಬೇಕಾಗಿಲ್ಲ” ಎಂದಳು. ಮಾವ ನಂಬಲಿಲ್ಲ. ಹುಡುಗಿ ಕಂಬಳಿಕೊಪ್ಪೆ ಹೊದ್ದು, ಕಣದಾಚೆಯ ದಿಬ್ಬವನ್ನು ಹತ್ತಿದಳು. ಆ ಮನೆಯವರಿಗೆ ಫೋನಿನ ಸಂಕೇತ ದೊರೆಯುವುದು ಅಲ್ಲಿ ಮಾತ್ರ. ಅರ್ಧ ಗಂಟೆಯ ಅನಂತರ ನೆನೆದು ತೊಪ್ಪೆಯಾಗಿ ಬಂದವಳ ಕೈಯಲ್ಲಿ ಮೂರು ಗ್ರಂಥಗಳಿದ್ದವು: ಮಾಧವ ಗಾಡ್ಗೀಳರ ಸಮಿತಿಯ ವರದಿ, ಕಸ್ತೂರಿರಂಗನ್ನರ ತಂಡದ ವರದಿ, ಮತ್ತು ಹೊಸ ಕರಡು.

ಓದುಗ ಮಿತ್ರರೆ, ಈ ಮೊದಲನೆಯ ವರದಿಗೂ ಒಂದು ಕಥೆಯುಂಟು. ಗಾಡ್ಗೀಳರ ಸಮಿತಿ ಅದನ್ನು ಸರಕಾರಕ್ಕೆ ಒಪ್ಪಿಸಿದ್ದು ೨೦೧೧ರ ಆಗಸ್ಟಿನಲ್ಲಿ. ಜನರ ಕಣ್ಣಿಗೆ ಬಿದ್ದದ್ದು ೨೦೧೨ರ ಮೇ ತಿಂಗಳಲ್ಲಿ. ನಡುವಣ ತಿಂಗಳುಗಳಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದು ಕೇಂದ್ರ ಮಾಹಿತಿ ಆಯೋಗಕ್ಕೂ, ಅಲ್ಲಿಂದ ದೆಹಲಿಯ ಉಚ್ಚ ನ್ಯಾಯಾಲಯಕ್ಕೂ ಹೋಗಬೇಕಾಯಿತು. ಎಂದರೆ, ಇಂದು ನಾವು ಬೆರಳ ತುದಿಯಿಂದ ಪುಕ್ಕಟೆಯಾಗಿ ಪಡೆಯುವ ಆ ಪುಟಗಳಿಗಾಗಿ ಯಾರೋ ಹೋರಾಡಿದ್ದಾರೆ. ಹಾಗೆ ದೊರೆತುದನ್ನು ಓದದೆ ಬಿಡುವುದು, ಮಾಡಿದ ಅಡಿಗೆಯನ್ನು ಉಣ್ಣದೆ ಏಳುವಂತೆ.

ಆ ರಾತ್ರಿ ವಿದ್ಯುತ್ತು ಹೋಗಿತ್ತು. ಹುಡುಗಿ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವಳು. ಮಾವ ಎಲೆಯಡಿಕೆ ಮೆಲ್ಲುತ್ತ ಪ್ರಶ್ನೆ ಹಾಕುವರು. ಕರಡಿನ ನಿಷೇಧದ ಪಟ್ಟಿಯಲ್ಲಿ ಗಣಿಗಾರಿಕೆ, ಕಲ್ಲುಕೋರೆ, ಮರಳು ತೆಗೆಯುವುದು, ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, ೨೦,೦೦೦ ಚದರ ಮೀಟರಿನ ಅಥವಾ ಅದಕ್ಕೂ ದೊಡ್ಡ ಕಟ್ಟಡ, ಇವು ಇದ್ದವು. ಕಾಫಿಗಿಡ ಇರಲಿಲ್ಲ. ಹೆಂಚೂ ಇರಲಿಲ್ಲ. “ಇಷ್ಟೆಯೋ?” ಎಂದು ಮಾವ ನಿಟ್ಟುಸಿರಿಟ್ಟರು.

ಆದರೆ ಓದಿದ ಮಾತ್ರಕ್ಕೆ ಭಯವೆಲ್ಲ ಹಾರಿಹೋಯಿತೆಂದು ಬರೆದರೆ ಸುಳ್ಳಾದೀತು. ಗಾಡ್ಗೀಳರ ವರದಿಯಲ್ಲಿ ರಾಸಾಯನಿಕ ಕೀಟನಾಶಕಗಳನ್ನು ವಲಯಕ್ಕೆ ತಕ್ಕಂತೆ ಐದು, ಎಂಟು, ಹತ್ತು ವರ್ಷಗಳಲ್ಲಿ ಕೈಬಿಡಬೇಕೆಂಬ ಸಲಹೆಯಿತ್ತು. ಕಾಂಡಕೊರಕದ ಕಾಟವನ್ನು ಬಲ್ಲ ಬೆಳೆಗಾರನಿಗೆ ಅದು ಸಣ್ಣ ಮಾತಲ್ಲ. ೨೦೧೩ರ ಕಸ್ತೂರಿರಂಗನ್ ವರದಿಯಲ್ಲಿ ಇನ್ನೊಂದು ಸೂತ್ರ ಕಂಡಿತು: ಗ್ರಾಮದ ನೆಲದಲ್ಲಿ ನೂರಕ್ಕೆ ೨೦ ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮವೇ ಪಟ್ಟಿಗೆ ಸೇರುತ್ತದೆ. ಮಾವ ನೆಟ್ಟಗೆ ಕುಳಿತರು. “ಹಾಗಾದರೆ ನನ್ನ ಜಗಳ ಇಲ್ಲಿದೆ! ಮೇಲಿನಿಂದ ಉಪಗ್ರಹ ನೋಡಿದರೆ ನೆರಳುಮರದ ಕೆಳಗಿನ ನಮ್ಮ ತೋಟವೂ ಕಾಡೇ ಅಲ್ಲವೆ? ಉಳಿದ ೮೦ ಭಾಗಕ್ಕೆ ಲೆಕ್ಕ ಹೇಳುವವರು ಯಾರು?” ಅದೇ ಉಸಿರಿನಲ್ಲಿ, “ಕಲ್ಲುಕೋರೆ ಬೇಡವೆಂದದ್ದು ಮಾತ್ರ ಸರಿ. ಕುದುರೆಮುಖದ ಗಣಿ ನಿಲ್ಲುವವರೆಗೆ ಭದ್ರೆಯ ನೀರು ಯಾವ ಬಣ್ಣದಲ್ಲಿತ್ತೆಂದು ನಾನು ಕಂಡವನು” ಎಂದೂ ಸೇರಿಸಿದರು.

ಮರುದಿನ ಅವರು ಆಕ್ಷೇಪಣೆಯ ಕಾಗದ ಬರೆದರು. ಅದರಲ್ಲಿ ‘ಅಂತೆ’ ಎಂಬ ಪದವಿರಲಿಲ್ಲ. ಗ್ರಾಮದ ಹೆಸರಿತ್ತು, ಸರ್ವೆ ನಂಬರಿತ್ತು, ವರದಿಯ ಪುಟಸಂಖ್ಯೆಯಿತ್ತು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟವು ಕಸ್ತೂರಿರಂಗನ್ ವರದಿಯನ್ನು ಒಪ್ಪುವುದಿಲ್ಲವೆಂದು ತೀರ್ಮಾನಿಸಿತು. ಮುಂದೆ ಏನೇ ಆಗಲಿ, ಮಾವ ಮಾತ್ರ ಓದಿ ಜಗಳವಾಡಿದವರ ಪಂಕ್ತಿಗೆ ಸೇರಿದರು.

ಅಂದಿನಿಂದ ಅವರಿಗೆ ಪುಕ್ಕಟೆ ಪುಸ್ತಕದ ರುಚಿ ಹತ್ತಿದೆ. ಹುಡುಗಿ ಹೇಳಿಕೊಟ್ಟ ಉಪಾಯಗಳನ್ನು ವಾಚಕರಿಗೂ ತಿಳಿಸುತ್ತೇನೆ. ಸರಕಾರದ ಅಧಿಸೂಚನೆಗಳಿಗೆ ಭಾರತ ಸರಕಾರದ ಇ-ಗೆಜೆಟ್ ಜಾಲತಾಣವನ್ನು ನೋಡಬೇಕು. ತಾರೀಖು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಪಟ್ಟಿಗಳಲ್ಲಿ ಕಳಸದ ಗ್ರಾಮಗಳನ್ನು ಮೂಡಿಗೆರೆಯ ಕೆಳಗೆ ಅರಸಬೇಕು, ಏಕೆಂದರೆ ಕಳಸ ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಜಿಲ್ಲೆಯ ಹೆಸರೇ ಕಡೂರು. ರೈಸ್ ಸಾಹೇಬರು ೧೯೦೧ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಆ ಹೆಸರಿನಲ್ಲೇ ಇದೆ, ಕಳಸದ ಶಾಸನಗಳು ಅದರೊಳಗೆ ಮೂಡಿಗೆರೆಯ ಭಾಗದಲ್ಲಿ ಸಿಕ್ಕುತ್ತವೆ. ಇಂಥ ಹಳೆಯ ಗ್ರಂಥಗಳು ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ರಾಶಿಬಿದ್ದಿವೆ. ಅಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರಗಳಲ್ಲಿ ಅಡ್ಡಾದಿಡ್ಡಿಯಾಗಿ ಬರೆದಿರುವುದರಿಂದ, ಒಂದು ಬಗೆಯಲ್ಲಿ ದೊರೆಯದಿದ್ದರೆ ಇನ್ನೊಂದು ಬಗೆಯಲ್ಲಿ ಹುಡುಕಬೇಕು. ಮಂಜರಾಬಾದಿನಲ್ಲಿ ತೋಟ ಮಾಡಿದ ಎಲಿಯಟ್ ಸಾಹೇಬರು ೧೮೯೪ರಲ್ಲಿ ಬರೆದ ಮೈಸೂರಿನ ಕಾಫಿ ಬೇಸಾಯದ ಪುಸ್ತಕ ಗುಟೆನ್‌ಬರ್ಗ್ ತಾಣದಲ್ಲಿದೆ. ನಿಘಂಟುಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಇದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಪುಕ್ಕಟೆ ಸಿಕ್ಕಿದ್ದೆಲ್ಲ ನ್ಯಾಯವಾಗಿ ಸಿಕ್ಕಿದ್ದಲ್ಲ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೆ ೬೦ ವರ್ಷಗಳವರೆಗೆ ಹಕ್ಕು ಅವರ ವಾರಸುದಾರರದು. ಲೆಕ್ಕ ಮರುವರ್ಷದ ಆದಿಯಿಂದ. ೧೯೬೩ರಲ್ಲಿ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳು ೨೦೨೪ರ ಆರಂಭದಿಂದ ಎಲ್ಲರ ಸೊತ್ತಾದವು. ಮೂಡಿಗೆರೆಯ ನಮ್ಮ ಪೂರ್ಣಚಂದ್ರ ತೇಜಸ್ವಿಯವರು ತೀರಿಕೊಂಡದ್ದು ೨೦೦೭ರಲ್ಲಿ. ಅವರ ಪುಸ್ತಕಗಳಿಗೆ ೨೦೬೭ರ ಕೊನೆಯವರೆಗೂ ಒಡೆತನವುಂಟು. ಫೋನಿನಿಂದ ಫೋನಿಗೆ ಹಾರಿಬರುವ ಅವರ ಪುಸ್ತಕದ ಪ್ರತಿಯನ್ನು ಒಪ್ಪಿಕೊಳ್ಳುವುದು, ಪಕ್ಕದ ತೋಟದ ಬೇಲಿ ಹಾರಿ ಹಣ್ಣು ಕೊಯ್ದಂತೆಯೇ ಸರಿ. ಹಾಗೆಯೇ, ಉಚಿತವೆಂದು ಕರೆದು ಬ್ಯಾಂಕಿನ ಕಾರ್ಡಿನ ಅಂಕಿಗಳನ್ನು ಕೇಳುವ ತಾಣವನ್ನು ಕಂಡರೆ ಒಡನೆ ಬಾಗಿಲೆಳೆದುಕೊಳ್ಳಿ.

ಮೊನ್ನೆ ಮಾವ ಫೋನು ಮಾಡಿದ್ದರು. ನೆರೆಯವರು ಯಾರೋ ಬಂದು, “ಹೊಸದೊಂದು ಕಾನೂನು ಬಂತಂತೆ” ಎಂದು ಶುರು ಮಾಡಿದರಂತೆ. ಮಾವ ಕೇಳಿದ್ದು ಇಷ್ಟೆ: “ಎಷ್ಟನೆಯ ಪುಟ?”

ನಾನು ಬಸ್ಸಿನಲ್ಲಿ ಬಿಟ್ಟ ಕೊಡೆ ಇಂದಿಗೂ ಸಿಕ್ಕಿಲ್ಲ. ಅದಕ್ಕೆ ಯಾವ ಜಾಲತಾಣವೂ ಇಲ್ಲವಂತೆ.