ನಿದ್ರೆಯು ದೇಹದ ಋಣ: ಲಿಂಗೈಕ್ಯರಿಗೆ ಅದರ ಹಂಗಿಲ್ಲ

ಮನೆಯ ಹಿರಿಯರೊಬ್ಬರು ಲಿಂಗೈಕ್ಯರಾದ ಬಳಿಕ ಮಠಕ್ಕೆ ಬರುವ ಸದ್ಭಕ್ತರು ಹಲವೊಮ್ಮೆ ಒಂದು ಸಂಶಯವನ್ನು ಮುಂದಿಡುತ್ತಾರೆ. ದೇಹವನ್ನು ತೊರೆದ ಜೀವವು ಸೂಕ್ಷ್ಮಲೋಕದಲ್ಲಿ ನಿದ್ರಿಸುವುದೇ? ಅದಕ್ಕೂ ಕನಸುಗಳುಂಟೇ? ಅಗಲಿದವರು ನಮ್ಮ ಕನಸಿನಲ್ಲಿ ಬಂದು ನಿಂತರೆ ಅವರಿಗೆ ಅಲ್ಲಿ ವಿಶ್ರಾಂತಿ ದೊರೆತಿಲ್ಲವೆಂದು ತಿಳಿಯಬೇಕೇ? ಪ್ರಶ್ನೆಯು ಪರಲೋಕದ್ದೆಂದು ತೋರಿದರೂ ಅದನ್ನು ಆರೋಗ್ಯ ವಿಭಾಗದಲ್ಲಿ ಎತ್ತಿಕೊಳ್ಳಲು ಕಾರಣವುಂಟು. ಈ ಸಂಶಯದಿಂದ ನಿದ್ರೆಗೆಡುತ್ತಿರುವವರು ಲಿಂಗೈಕ್ಯರಲ್ಲ, ಇಲ್ಲಿ ಉಳಿದಿರುವ ನಾವು.

ಈ ವಿಚಾರವನ್ನು ಇತರರೂ ಚಿಂತಿಸಿದ್ದಾರೆ. 1857ರಲ್ಲಿ ಪ್ಯಾರಿಸ್‌ನಲ್ಲಿ ಅಲನ್ ಕಾರ್ಡೆಕ್ ಪ್ರಕಟಿಸಿದ ಆತ್ಮಗಳ ಕುರಿತಾದ ಗ್ರಂಥದಲ್ಲಿ ಇದೇ ಪ್ರಶ್ನೆಯಿದೆ. ದೇಹವಿಲ್ಲದವರಿಗೆ ನಮ್ಮಂಥ ಆಯಾಸವಿಲ್ಲ, ಆದ್ದರಿಂದ ನಮ್ಮಂಥ ವಿಶ್ರಾಂತಿಯೂ ಬೇಕಿಲ್ಲವೆಂಬುದು ಅಲ್ಲಿನ ಉತ್ತರದ ಸಾರ. 1875ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾಗಿ ಮುಂದೆ ಮದರಾಸಿನ ಅಡಿಯಾರಿನಲ್ಲಿ ನೆಲೆಗೊಂಡ ಥಿಯಾಸಾಫಿಕಲ್ ಸೊಸೈಟಿಯ ಲೇಖಕರು ಸೂಕ್ಷ್ಮಲೋಕವನ್ನು ಕುರಿತು ವಿಸ್ತಾರವಾಗಿ ಬರೆದರು. ಸ್ಥೂಲದೇಹವು ಮಲಗಿದಾಗ ಸೂಕ್ಷ್ಮದೇಹವು ಎಚ್ಚರವಾಗಿರುತ್ತದೆಂಬುದು ಅವರ ನಿಲುವು. ಈ ವರ್ಣನೆಗಳನ್ನು ಪರೀಕ್ಷಿಸಿ ನೋಡುವ ದಾರಿಯಿಲ್ಲ. ಆದರೂ ನಿದ್ರೆಯು ಸ್ಥೂಲದೇಹಕ್ಕೆ ಸೇರಿದ್ದೆಂಬ ಮಾತಿನಲ್ಲಿ ಅವು ಒಂದಾಗುವುದು ಗಮನಾರ್ಹ.

ನಮ್ಮ ದರ್ಶನದ ಬೆಳಕಿನಲ್ಲಿ ನೋಡಿದರೆ ವಿಷಯವು ಇನ್ನೂ ತಿಳಿಯಾಗುತ್ತದೆ. ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಮೂರು ಅವಸ್ಥೆಗಳನ್ನೂ ಅವುಗಳಾಚೆಯ ತುರೀಯವನ್ನೂ ಹೇಳುತ್ತದೆ. ಶರಣರು ಸ್ಥೂಲತನುವಿಗೆ ಇಷ್ಟಲಿಂಗವನ್ನೂ, ಸೂಕ್ಷ್ಮತನುವಿಗೆ ಪ್ರಾಣಲಿಂಗವನ್ನೂ, ಕಾರಣತನುವಿಗೆ ಭಾವಲಿಂಗವನ್ನೂ ಸಂಬಂಧಿಸಿದರು. ಸ್ವಪ್ನವೆಂಬುದು ಸೂಕ್ಷ್ಮತನುವಿನ ವ್ಯಾಪಾರ. ಹಾಗಿರಲು ಸೂಕ್ಷ್ಮದಲ್ಲೇ ಇರುವವರಿಗೆ ಕನಸು ಬೀಳುವುದೇ ಎಂದು ಕೇಳುವುದು, ನೀರಿನೊಳಗಿನ ಮೀನು ಸ್ನಾನ ಮಾಡುವುದೇ ಎಂದು ಕೇಳಿದಂತೆ. ಅದಕ್ಕಿಂತ ಮುಖ್ಯವಾಗಿ, ಲಿಂಗದಲ್ಲಿ ಐಕ್ಯವಾದವರು ಎಲ್ಲೋ ಒಂದು ಲೋಕದಲ್ಲಿ ಹಸಿದು, ದಣಿದು, ಮಲಗಲು ಸ್ಥಳವರಸಿ ಅಲೆಯುತ್ತಾರೆಂಬ ಕಲ್ಪನೆಗೆ ಶರಣಧರ್ಮದಲ್ಲಿ ಎಡೆಯಿಲ್ಲ. ಮರಣಸೂತಕವೂ ಸೇರಿದಂತೆ ಪಂಚಸೂತಕಗಳನ್ನು ನಿರಾಕರಿಸಿದ ಪರಂಪರೆ ನಮ್ಮದು. ಅಗಲಿದವರ ಆತ್ಮಕ್ಕೆ ಶಾಂತಿಯಿಲ್ಲವೆಂದು ಹೆದರಿಸಿ ಹಣ ಕೇಳುವವರ ಮಾತಿಗೆ ಸದ್ಭಕ್ತರು ಕಿವಿಗೊಡಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ವಿಜ್ಞಾನವೂ ನಿದ್ರೆಯ ಬೇರನ್ನು ದೇಹದಲ್ಲಿಯೇ ತೋರಿಸುತ್ತದೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗುತ್ತದೆ. ಅದು ಹೆಚ್ಚಿದಂತೆ ತೂಕಡಿಕೆ ಹೆಚ್ಚುತ್ತದೆ, ಮಲಗೆದ್ದಾಗ ಇಳಿದಿರುತ್ತದೆ. ನಿದ್ರೆಯನ್ನು ದೇಹದ ಋಣವೆಂದು ನಾವು ಕರೆಯುವುದು ಇದಕ್ಕಾಗಿಯೇ. ಕನಸುಗಳ ವಿಷಯದಲ್ಲಿ 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಅವರು ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ನಿದ್ರೆಯ ನಡುನಡುವೆ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗಳು ವೇಗವಾಗಿ ಚಲಿಸುವ ಅವಧಿಗಳಿವೆ. ಆ ವೇಳೆಯಲ್ಲಿ ಎಬ್ಬಿಸಿದವರು ಬಹುಪಾಲು ಕನಸನ್ನೇ ಹೇಳುತ್ತಾರೆ. ಸುಮಾರು 90 ನಿಮಿಷಗಳಿಗೊಮ್ಮೆ ಬರುವ ಈ ಅವಧಿಯು ಬೆಳಗಾಗುತ್ತ ಬಂದಂತೆ ದೀರ್ಘವಾಗುತ್ತದೆ. ಬೆಳಗಿನ ಜಾವದ ಕನಸು ನಿಚ್ಚಳವಾಗಿ ನೆನಪುಳಿಯುವುದಕ್ಕೆ ಇದೇ ಕಾರಣ. ಅದನ್ನು ಶಕುನವೆಂದು ಭಾವಿಸಿ ಅಂಜಬೇಕಾಗಿಲ್ಲ. ಈ ಅವಧಿಯಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲಗೊಂಡು ಕದಲದಂತಿರುತ್ತವೆ. ಆ ಸ್ಥಿತಿ ಮುಗಿಯುವ ಮುನ್ನವೇ ಮನಸ್ಸು ಎಚ್ಚೆತ್ತರೆ, ಎದೆಯ ಮೇಲೆ ಯಾರೋ ಕುಳಿತಂತೆ, ಕೂಗಲಾರದಂತೆ ಭಾಸವಾಗುತ್ತದೆ. ಅದು ಪ್ರೇತಬಾಧೆಯಲ್ಲ. ಕೆಲವು ಕ್ಷಣಗಳಲ್ಲಿ ತಾನಾಗಿಯೇ ಬಿಡುತ್ತದೆ. ನಿದ್ರೆಗೆಟ್ಟವರಲ್ಲಿ ಇದು ಹೆಚ್ಚು.

ಅಗಲಿದವರು ಕನಸಿನಲ್ಲಿ ಕಾಣುವುದು ಸಹಜ. ಪ್ರೀತಿಸಿದ ಮನಸ್ಸು ನೆನೆಯುವ ಬಗೆ ಅದು. ಎದ್ದ ಮೇಲೆ ಒಂದು ಹನಿ ಕಣ್ಣೀರು ಬಂದರೆ ಬರಲಿ. ಇಷ್ಟಲಿಂಗಪೂಜೆಗೆ ಕುಳಿತಾಗ ಅವರನ್ನು ಕೃತಜ್ಞತೆಯಿಂದ ಸ್ಮರಿಸಿದರೆ ಸಾಕು.

ಇಲ್ಲಿ ನಮ್ಮ ಮಾತಿನ ರೂಢಿಯೊಂದನ್ನು ತಿದ್ದಿಕೊಳ್ಳಬೇಕೆಂದು ನಮಗೆ ತೋರುತ್ತದೆ. ‘ಚಿರನಿದ್ರೆಗೆ ಜಾರಿದರು’ ಎಂದು ಶ್ರದ್ಧಾಂಜಲಿಗಳಲ್ಲಿ ಅಚ್ಚು ಹಾಕಿಸುತ್ತೇವೆ. ‘ಅಜ್ಜ ಮಲಗಿದ್ದಾರೆ’ ಎಂದು ಮಕ್ಕಳಿಗೆ ಹೇಳುತ್ತೇವೆ. ಅದನ್ನು ಅಕ್ಷರಶಃ ನಂಬುವ ಎಳೆಯ ಮಗುವು ರಾತ್ರಿ ಕಣ್ಣು ಮುಚ್ಚಲು ಹೆದರುತ್ತದೆ. ತಾಯಿ ಮಧ್ಯಾಹ್ನ ಮಲಗಿದರೂ ಅಲುಗಿಸಿ ಎಬ್ಬಿಸುತ್ತದೆ. ನಮ್ಮ ಸಂಪ್ರದಾಯದಲ್ಲಿ ಲಿಂಗೈಕ್ಯರ ದೇಹವನ್ನು ಮಲಗಿಸುವುದಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಪೂಜೆಗೆ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತೇವೆ. ಮರಣವು ನಿದ್ರೆಯಲ್ಲವೆಂಬುದನ್ನು ಆ ಆಚರಣೆಯೇ ಸಾರುತ್ತಿದೆ. ಅಜ್ಜನ ದೇಹದ ಕೆಲಸ ಮುಗಿಯಿತು, ಅವರು ಇನ್ನು ಮರಳಿ ಬರುವುದಿಲ್ಲ, ಲಿಂಗದಲ್ಲಿ ಒಂದಾದರು, ನೀನು ಮಲಗಿದರೆ ಬೆಳಿಗ್ಗೆ ಏಳುತ್ತೀಯೆ ಎಂದು ಮಗುವಿಗೆ ನೇರವಾಗಿ ತಿಳಿಸುವುದು ಲೇಸು.

ಇನ್ನು ಉಳಿದವರ ನಿದ್ರೆಯ ಮಾತು. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ರೆ ಅವಶ್ಯ. ದುಃಖದ ಮನೆಯಲ್ಲಿ ಇದು ಮೊದಲು ಕೆಡುತ್ತದೆ. ಎಷ್ಟು ಹೊತ್ತಿಗೆ ಮಲಗಿದರೂ ಒಂದೇ ವೇಳೆಗೆ ಏಳಿರಿ. ಬೆಳಗಿನ ಬಿಸಿಲಿಗೆ ಸ್ವಲ್ಪ ಹೊತ್ತು ಮೈಯೊಡ್ಡಿರಿ. ಸಂಜೆಯ ಬಳಿಕ ಚಹಾ, ಕಾಫಿ ಬೇಡ. ಮಲಗುವ ಮುನ್ನ ಮೊಬೈಲನ್ನು ದೂರವಿರಿಸಿ, ವಿಭೂತಿ ಧರಿಸಿ, ಕೆಲಹೊತ್ತು ಶಿವಧ್ಯಾನದಲ್ಲಿ ಕುಳಿತುಕೊಳ್ಳಿರಿ. ಹಾಸಿಗೆಯಲ್ಲಿ ಬಹುಹೊತ್ತು ಹೊರಳಾಡುವ ಬದಲು ಎದ್ದು ಕುಳಿತು, ನಿದ್ರೆ ಬಂದಾಗ ಮತ್ತೆ ಮಲಗಿರಿ. ನೆರೆಯವರು ಕೊಟ್ಟ ನಿದ್ರೆಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ನಿದ್ರೆಯನ್ನು ಹತ್ತಿಕ್ಕುವುದೇ ಸಾಧನೆಯೆಂದೂ ಭ್ರಮಿಸಬೇಡಿ. ದಣಿದ ದೇಹದಲ್ಲಿ ಧ್ಯಾನವೂ ನಿಲ್ಲದು, ಕಾಯಕವೂ ಸಾಗದು.

ಭಯಾನಕ ಕನಸುಗಳು ವಾರಗಟ್ಟಲೆ ಮರುಕಳಿಸಿದರೆ, ಅಗಲಿದವರ ಬಳಿಗೆ ತಾನೂ ಹೋಗಬೇಕೆಂಬ ಯೋಚನೆ ಒಮ್ಮೆಯಾದರೂ ಸುಳಿದರೆ, ಮನೆಯವರಿಗೆ ತಿಳಿಸಿ ಕೂಡಲೇ ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಲಿಂಗೈಕ್ಯರಿಗೆ ತೀರಿಸಬೇಕಾದ ನಿದ್ರೆಯ ಋಣವಿಲ್ಲ. ನಮಗಿದೆ. ಕಾಯವನ್ನು ಕೈಲಾಸವೆಂದು ತಿಳಿದವರು ಅದನ್ನು ಪ್ರತಿರಾತ್ರಿಯೂ ತೀರಿಸುತ್ತಿರಬೇಕು.