ಯಾರ ತಾತ ಕಟ್ಟಿದ ಚರ್ಚು ಇದು?



ಹಬ್ಬದ ತಯಾರಿಯ ಸಭೆಗಳಲ್ಲಿ ಕೂತವರಿಗೆಲ್ಲ ಈ ದೃಶ್ಯ ಗೊತ್ತು. ತೇರಿನ ಮುಂದೆ ಯಾರು ನಡೆಯಬೇಕು, ಧ್ವಜ ಯಾರು ಹಿಡಿಯಬೇಕು ಅನ್ನುವ ಮಾತು ಬರುತ್ತದೆ. ಐದು ನಿಮಿಷ ಆಗಿರುವುದಿಲ್ಲ, ಯಾರೋ ಒಬ್ಬರು ಎದ್ದು ನಿಂತು, "ನಮ್ ತಾತ ಜಾಗ ಬರ್ಕೊಡದೇ ಇದ್ದಿದ್ರೆ ಈ ಚರ್ಚು ಎಲ್ಲಿರ್ತಿತ್ತು?" ಅನ್ನುತ್ತಾರೆ. "ಕಲ್ಲು ಹೊತ್ತಿದ್ದು ನಮ್ಮೋರು, ಅದನ್ಯಾಕೆ ಹೇಳಲ್ಲ?" ಅಂತ ಇನ್ನೊಬ್ಬರು ಏಳುತ್ತಾರೆ. ದನಿ ಏರುತ್ತದೆ. ಫಾದರ್ ತಲೆ ತಗ್ಗಿಸಿ ಕೂರುತ್ತಾರೆ. ಕೊನೆಗೆ ಒಂದು ಪರಲೋಕ ಮಂತ್ರ ಹೇಳಿ ಎಲ್ಲರೂ ಮನೆಗೆ ಹೋಗುತ್ತೇವೆ.

ದೇವರ ಕೃಪೆಯನ್ನು ನೆನೆಯಿರಿ, ವಿಶ್ವಾಸದಲ್ಲಿ ಬೆಳೆಯುತ್ತೀರಿ ಅಂತ ಪ್ರಸಂಗಗಳಲ್ಲಿ ಕೇಳುತ್ತಲೇ ಇದ್ದೇವೆ. ನಾವು ಮರೆತುಬಿಟ್ಟಿದ್ದೇವೆ ಅಂತ ಬೈಸಿಕೊಳ್ಳುತ್ತಲೂ ಇದ್ದೇವೆ. ನನ್ನ ತಕರಾರು ಸ್ವಲ್ಪ ಬೇರೆ. ನಮಗೆ ಮರೆವಿನ ಕಾಯಿಲೆ ಇಲ್ಲ. ಐವತ್ತು ವರ್ಷದ ಹಿಂದೆ ಯಾರು ಎಷ್ಟು ಮೂಟೆ ಸಿಮೆಂಟು ಕೊಟ್ಟರು ಅನ್ನುವುದು ಈಗಲೂ ನಮ್ಮ ನಾಲಿಗೆಯ ತುದಿಯಲ್ಲಿದೆ. ಕೊಟ್ಟದ್ದೆಲ್ಲ ಚೆನ್ನಾಗಿ ನೆನಪಿದೆ, ಪಡೆದದ್ದು ಮಾತ್ರ ಮರೆತುಹೋಗಿದೆ. ಇಂಥ ನೆನಪನ್ನು ಇಟ್ಟುಕೊಂಡು ಯಾರೂ ಬೆಳೆಯಲಾರರು, ಬೀಗಬಹುದು ಅಷ್ಟೇ.

ಬೇರೆಯವರ ಕಡೆ ಬೆರಳು ತೋರಿಸುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ. ಒಂದು ಕ್ರಿಸ್ಮಸ್ ರಾತ್ರಿ ಬಲಿಪೂಜೆಗೆ ಬಂದವರನ್ನು ಕೂರಿಸುವ ಕೆಲಸ ನನಗಿತ್ತು. ಫ್ಯಾಕ್ಟರಿ ಕೆಲಸಕ್ಕೆ ಬಂದ ನಾಲ್ಕೈದು ಹುಡುಗರು ಬೇಗನೇ ಬಂದು ಮೂರನೇ ಬೆಂಚಿನಲ್ಲಿ ಕೂತಿದ್ದರು. ಪೂಜೆ ಶುರುವಾಗುವ ಹೊತ್ತಿಗೆ ನಮ್ಮ ಹಳೆಯ ಮನೆತನದ ಒಂದು ಕುಟುಂಬ ಬಂತು. ಅವರು ಏನೂ ಕೇಳಲಿಲ್ಲ. ನಾನೇ ಹೋಗಿ ಆ ಹುಡುಗರಿಗೆ, "ಭಯ್ಯಾ, ಪೀಛೆ" ಅಂದೆ. ಒಂದು ಮಾತೂ ಆಡದೆ ಎದ್ದು ಹೋದರು. ಹಿಂದೆಯೂ ಜಾಗ ಇರಲಿಲ್ಲ. ಆ ಚಳಿಯಲ್ಲಿ ಹೊರಗೆ ನಿಂತೇ ಪೂಜೆ ಮುಗಿಸಿದರು. ಆಮೇಲೆ ಕೇಕ್ ಹಂಚುವಾಗ ಅವರಲ್ಲೊಬ್ಬನನ್ನು ಯಾವ ಊರು ಅಂತ ಕೇಳಿದೆ. ಜಾರ್ಖಂಡದ ಸಿಮ್‌ಡೇಗಾ ಅಂದ. ಆ ಛೋಟಾನಾಗಪುರದ ಸೀಮೆಗೆ 1885ರಲ್ಲಿ ಫಾದರ್ ಕಾನ್‌ಸ್ಟಂಟ್ ಲೀವನ್ಸ್ ಹೋದರು. ಆಗಿನಿಂದ ಅಲ್ಲಿ ಆದಿವಾಸಿ ಕಥೋಲಿಕರ ಊರೂರುಗಳೇ ಇವೆ. ತಲೆತಲಾಂತರದಿಂದ ವಿಶ್ವಾಸದಲ್ಲಿರುವ ಮನೆಯ ಹುಡುಗನನ್ನು ನಾನು ಕ್ರಿಸ್ತಜಯಂತಿಯ ರಾತ್ರಿ, ಛತ್ರದಲ್ಲಿ ಜಾಗ ಸಿಗದವರ ಹಬ್ಬದಂದೇ, ಹೊರಗೆ ಕಳಿಸಿದ್ದೆ. ಬೆಂಚಿನ ವಿಷಯದಲ್ಲಿ ಮುಖ ನೋಡಿ ಮಣೆ ಹಾಕುವವರನ್ನು ಯಕೋಬನ ಪತ್ರದ 2ನೇ ಅಧ್ಯಾಯ ಬೈಯುತ್ತದೆ. ಮನೆಗೆ ಹೋಗಿ ಅದನ್ನು ಓದಿದೆ. ನನ್ನನ್ನೇ ನೋಡಿ ಬರೆದ ಹಾಗಿತ್ತು.

ಆ ರಾತ್ರಿ ನನ್ನಿಂದ ಆ ಮಾತು ಆಡಿಸಿದ್ದು ಯಾವುದು? ನಾವು ಮೊದಲಿನವರು, ಅವರು ಆಮೇಲೆ ಬಂದವರು ಅನ್ನುವ ನೆನಪು. ಪವಿತ್ರ ಗ್ರಂಥ ಇದನ್ನೇ ಕೃಪೆಯ ಮರೆವು ಅಂತ ಕರೆಯುತ್ತದೆ.

ಧರ್ಮೋಪದೇಶಕಾಂಡದ 8ನೇ ಅಧ್ಯಾಯ ತೆಗೆದು ನೋಡಿ. ವಾಗ್ದತ್ತ ನಾಡಿಗೆ ಕಾಲಿಡುವ ಜನರಿಗೆ ಮೋಶೆ ಎಚ್ಚರಿಕೆ ಕೊಡುತ್ತಾನೆ. ಅವನ ಭಯ ಹಸಿವಿನ ಬಗ್ಗೆ ಅಲ್ಲ, ಹೊಟ್ಟೆ ತುಂಬಿದ ಮೇಲಿನ ದಿನಗಳ ಬಗ್ಗೆ. ಒಳ್ಳೆಯ ಮನೆ ಕಟ್ಟಿಕೊಂಡು, ದನಕರು ಹೆಚ್ಚಿ, ಬೆಳ್ಳಿ ಬಂಗಾರ ಸೇರಿದಾಗ, ಇದೆಲ್ಲ ನನ್ನ ತೋಳಿನ ಬಲದಿಂದ ಬಂತು ಅಂತ ಮನಸ್ಸು ಹೇಳುತ್ತದೆ, ಆಗ ಜೋಪಾನ ಅನ್ನುತ್ತಾನೆ. 9ನೇ ಅಧ್ಯಾಯದಲ್ಲಿ ಇನ್ನೂ ಖಾರವಾಗಿ, ನಿಮ್ಮ ಯೋಗ್ಯತೆಗೆ ಈ ನಾಡು ಸಿಕ್ಕಿದ್ದಲ್ಲ ಅನ್ನುತ್ತಾನೆ.

ಈ ಮಾತು ಹೊಸೂರಿನವರಿಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾಗಬೇಕು? ನಮ್ಮ ಹಿರಿಯರು ಮಳೆ ನಂಬಿ ರಾಗಿ, ಹುರುಳಿ ಬೆಳೆದವರು. 1970ರ ದಶಕದಲ್ಲಿ ಸಿಪ್‌ಕಾಟ್ ಬಂತು. ಆಮೇಲೆ ಲಾರಿ, ಬೈಕು, ವಾಚು ಮಾಡುವ ದೊಡ್ಡ ಕಾರ್ಖಾನೆಗಳು ಬಂದವು. ಹೊಲಗಳಲ್ಲಿ ಗುಲಾಬಿಯ ಹಸಿರುಮನೆಗಳು ಎದ್ದವು. ಬೆಂಗಳೂರು ಬೆಳೆಬೆಳೆದು ನಮ್ಮ ಬಾಗಿಲಿಗೇ ಬಂತು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯೂ ಆಯಿತು. ಎಕರೆ ಲೆಕ್ಕದಲ್ಲಿದ್ದ ಜಮೀನಿಗೆ ಈಗ ಚದರಡಿ ಲೆಕ್ಕದಲ್ಲಿ ಬೆಲೆ. ಇದರಲ್ಲಿ ನಮ್ಮ ಬೆವರು ಇಲ್ಲವೆಂದಲ್ಲ. ಆದರೆ ಬೆಂಗಳೂರು ನಮ್ಮ ಪಕ್ಕದಲ್ಲಿರುವುದು ನಮ್ಮ ಸಾಧನೆಯೇ?

ಇನ್ನು ವಿಶ್ವಾಸದ ಮಾತು. ನಮ್ಮ ಭಾಗದ ಹಳೆಯ ಧರ್ಮಕೇಂದ್ರಗಳು ಮೈಸೂರು ಮಿಷನ್ನಿಗೆ ಸೇರಿದ್ದವು. 1930ರಲ್ಲಿ ಸೇಲಂ ಧರ್ಮಕ್ಷೇತ್ರ ಆಯಿತು, 1997ರಲ್ಲಿ ಧರ್ಮಪುರಿ ಧರ್ಮಕ್ಷೇತ್ರ ಆಯಿತು. 1799ರಲ್ಲಿ ಟಿಪ್ಪುವಿನ ಆಳ್ವಿಕೆ ಮುಗಿದ ಮೇಲೆ, ಮೈಸೂರು ಸೀಮೆಯಲ್ಲಿ ಚೆದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿಕೊಂಡು ಬಂದವರು ಅಬ್ಬೆ ದ್ಯುಬ್ವಾ. ಜನ ಅವರನ್ನು ದೊಡ್ಡ ಸ್ವಾಮಿಯವರು ಅನ್ನುತ್ತಿದ್ದರು. ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ಓಡಾಡಿದವರು. ಅಂಥವರೇ ಕೊನೆಗೆ ಸೋತು, 1823ರಲ್ಲಿ ಫ್ರಾನ್ಸಿಗೆ ವಾಪಸಾದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ದೇಶದ ಜನ ಕ್ರೈಸ್ತ ವಿಶ್ವಾಸಕ್ಕೆ ಬರುವ ಆಸೆಯೇ ಇಲ್ಲ ಅಂತ ಬರೆದರು. ಅಷ್ಟು ದುಡಿದವರೇ ಮುಗಿಯಿತು ಅಂದ ಮೇಲೂ ಮುಗಿಯಲಿಲ್ಲ. ಅವರು ಕೈಬಿಟ್ಟ ಜಾಗದಲ್ಲಿ ನಾವು ಇವತ್ತು ಬೆಂಚಿಗಾಗಿ ಜಗಳ ಆಡುತ್ತಿದ್ದೇವೆ. ಇದು ಯಾರ ತಾತನ ಸಾಮರ್ಥ್ಯ?

ಇನ್ನೊಂದು ಮಾತು ಹೇಳಬೇಕು, ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು. ಮೈಸೂರು ಸೀಮೆಯೂ, ಆಗ ಹೊಸೂರು ಕೃಷ್ಣಗಿರಿಗಳು ಸೇರಿದ್ದ ಸೇಲಂ ಜಿಲ್ಲೆಯೂ ಬೆಂದುಹೋದವು. ಮಿಷನ್ನಿನವರು ಗಂಜಿ ಕಾಯಿಸಿ ಹಾಕಿದರು, ತಂದೆತಾಯಿ ಸತ್ತ ಮಕ್ಕಳನ್ನು ತಂದು ಸಾಕಿದರು. ಅದಕ್ಕೇ ಇವತ್ತಿಗೂ ಯಾರಾದರೂ ನಮ್ಮನ್ನು ಗಂಜಿಗೆ ಬಂದವರು ಅಂತ ಹಂಗಿಸಿದರೆ ನಮಗೆ ಮೈ ಉರಿಯುತ್ತದೆ. ಕೂಡಲೇ ನಾವು ದೊಡ್ಡ ಮನೆತನದವರು, ನಾವು ಜಾಗ ಕೊಟ್ಟವರು ಅಂತ ಕಥೆ ಕಟ್ಟುತ್ತೇವೆ. ಯಾಕೆ? ಹಸಿದವನಿಗೆ ಯಾರೋ ಗಂಜಿ ಕೊಟ್ಟರೆ ಅದರಲ್ಲಿ ಹಸಿದವನಿಗೆ ಏನು ಅವಮಾನ? ಇಸ್ರಯೇಲರು ನಲವತ್ತು ವರ್ಷ ಮನ್ನಾ ತಿಂದರು. ತಾವೇ ಬಿತ್ತಿ ಬೆಳೆದದ್ದಲ್ಲ, ಆಕಾಶದಿಂದ ಬಿದ್ದದ್ದು. ಅದನ್ನು ಮುಚ್ಚಿಡಲಿಲ್ಲ, ಒಂದು ಪಾತ್ರೆಯಲ್ಲಿ ತುಂಬಿ ಮುಂದಿನ ಪೀಳಿಗೆಗೆ ಕಾಣಲಿ ಅಂತ ದೇವರ ಸನ್ನಿಧಿಯಲ್ಲಿ ಇಟ್ಟರು. ನಮ್ಮಲ್ಲಿ ಯಾರ ಮನೆಗೆ ವಿಶ್ವಾಸ ಹಸಿವಿನ ದಾರಿಯಲ್ಲಿ ಬಂದಿದೆಯೋ ಅವರು ತಲೆ ಎತ್ತಿ ಹೇಳಬೇಕು: ಹೌದು, ನಾವು ಸಾಯುತ್ತಿದ್ದೆವು, ದೇವರು ಉಣ್ಣಿಸಿದರು.

ಇದಕ್ಕೆ ಒಂದು ಎದುರುಮಾತು ಬರುತ್ತದೆ, ಅದೂ ಚೆನ್ನಾಗಿ ಬೈಬಲ್ ಓದಿದವರಿಂದ. "ಹಳೆಯದನ್ನು ಮರೆತು ಮುಂದಕ್ಕೆ ಓಡುತ್ತೇನೆ ಅಂತ ಪೌಲನೇ ಫಿಲಿಪ್ಪಿಯವರಿಗೆ ಬರೆದಿಲ್ಲವೇ? ನೀವ್ಯಾಕೆ ಹಿಂದಕ್ಕೆ ಎಳೆಯುತ್ತೀರಿ?" ಒಳ್ಳೆಯ ಪ್ರಶ್ನೆ. ಆದರೆ ಅದೇ 3ನೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿ. ಪೌಲ ಕಸವೆಂದು ಎಸೆದದ್ದು ಏನನ್ನು? ತನ್ನ ಕುಲವನ್ನು, ಗೋತ್ರವನ್ನು, ಧರ್ಮಶಾಸ್ತ್ರ ಪಾಲಿಸಿದ ಹೆಮ್ಮೆಯನ್ನು. ಎಂದೂ ಮರೆಯದೆ ಇಟ್ಟುಕೊಂಡದ್ದು ಏನನ್ನು? ತಾನು ಧರ್ಮಸಭೆಯನ್ನು ಹಿಂಸಿಸಿದವನು, ಪ್ರೇಷಿತನೆನಿಸಿಕೊಳ್ಳಲು ಅರ್ಹನಲ್ಲ, ಏನಾಗಿದ್ದರೂ ಕೃಪೆಯಿಂದ ಆದವನು ಅನ್ನುವುದನ್ನು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಇದಿದೆ. ಪೌಲ ಏನನ್ನು ಮರೆತನೋ ಅದನ್ನು ನಾವು ಸಭೆಗಳಲ್ಲಿ ಎದ್ದು ಹೇಳುತ್ತಿದ್ದೇವೆ. ಅವನು ಏನನ್ನು ನೆನೆದನೋ ಅದನ್ನು ಪಾಪನಿವೇದನೆಯ ಪೀಠದಲ್ಲೂ ಹೇಳಲು ಹಿಂಜರಿಯುತ್ತೇವೆ.

ಯುವಜನರಾದ ನಮ್ಮ ಕಥೆ ಬೇರೆ. ತಾತನ ಹೆಸರು ಹೇಳಿ ಜಗಳ ಆಡುವವರನ್ನು ನೋಡಿ ನಗುತ್ತೇವೆ. ಆದರೆ ನಾವೇನು ಮಾಡುತ್ತೇವೆ? ಒಂದು ಧ್ಯಾನಕೂಟದಿಂದ ಇನ್ನೊಂದಕ್ಕೆ, ಒಂದು ಆರಾಧನೆ ರಾತ್ರಿಯಿಂದ ಇನ್ನೊಂದಕ್ಕೆ ಓಡುತ್ತೇವೆ. ಕಣ್ಣೀರು ಬಂದರೆ ದೇವರು ಬಂದರು, ಬರದಿದ್ದರೆ ಕೂಟ ಚೆನ್ನಾಗಿರಲಿಲ್ಲ. ಸಾಕ್ಷಿ ಹೇಳು ಅಂದರೆ ಕೆಲಸ ಸಿಕ್ಕಿದ್ದು, ವೀಸಾ ಬಂದದ್ದು, ಮಾರ್ಕ್ಸ್ ಬಂದದ್ದು ಹೇಳುತ್ತೇವೆ. ಹೇಳಬಾರದು ಅಂತಲ್ಲ. ಆದರೆ ಅದೇ ಸಾಲಿನಲ್ಲಿ ಕೆಲಸ ಹೋದವನು ಕೂತಿರುತ್ತಾನೆ, ನೊವೇನಾ ಮುಗಿಸಿಯೂ ತಾಯಿಯನ್ನು ಕಳೆದುಕೊಂಡವಳು ಕೂತಿರುತ್ತಾಳೆ. ಅವರಿಗೆ ಕೃಪೆ ಇಲ್ಲವೇ? ಯೇಸುಸ್ವಾಮಿ ಶಿಲುಬೆಯ ಮೇಲೆ ಕೊಟ್ಟದ್ದು ವೀಸಾ ಬಂದವನಿಗೂ ಬರದವನಿಗೂ ಒಂದೇ. ಅಲ್ಲಿಂದ ಶುರುವಾಗದ ಕೃತಜ್ಞತೆ ಮುಂದಿನ ಕಷ್ಟಕ್ಕೆ ಉದುರಿಹೋಗುತ್ತದೆ.

ಲೂಕನ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳಿದ್ದಾರೆ. ಹತ್ತು ಮಂದಿಗೂ ಗುಣವಾಯಿತು. ಹತ್ತು ಮಂದಿಯೂ ಸಾಕ್ಷಿ ಹೇಳಬಹುದಿತ್ತು. ಆದರೆ ಒಬ್ಬನೇ ತಿರುಗಿ ಬಂದ, ಯೇಸುವಿನ ಪಾದಕ್ಕೆ ಬಿದ್ದ. ಉಳಿದವರಿಗೆ ಸಿಕ್ಕಿದ್ದು ಆರೋಗ್ಯ. ಇವನಿಗೆ ಯೇಸುವೇ ಸಿಕ್ಕರು. ಆ ಒಬ್ಬ ಯಾರು? ಸಮಾರಿಯದವನು, ಹೊರಗಿನವನು. ಮೊದಲ ಬೆಂಚಿಗೆ ಹಕ್ಕಿಲ್ಲದವನು.

ಹಾಗಾದರೆ ಬೆಳೆಯುವುದು ಹೇಗೆ? ಸಂತ ಇಗ್ನೇಷಿಯಸ್ ಲೊಯೋಲಾ ಪ್ರತಿದಿನದ ಆತ್ಮಶೋಧನೆಯನ್ನು ಐದು ಹೆಜ್ಜೆಗಳಲ್ಲಿ ಕಲಿಸಿದರು. ಮೊದಲ ಹೆಜ್ಜೆ ಪಾಪಗಳ ಲೆಕ್ಕ ಅಲ್ಲ, ಪಡೆದ ಉಪಕಾರಗಳಿಗೆ ಕೃತಜ್ಞತೆ. 1542ರಲ್ಲಿ ಬರೆದ ಒಂದು ಪತ್ರದಲ್ಲಿ ಅವರು ಎಲ್ಲ ಪಾಪಗಳ ಬೇರು ಕೃತಘ್ನತೆಯಲ್ಲಿದೆ ಎಂಬ ಅರ್ಥದ ಮಾತು ಹೇಳುತ್ತಾರೆ. ಯೋಚಿಸಿದರೆ ಸರಿ ಅನಿಸುತ್ತದೆ. ನನಗೆ ಸಿಕ್ಕಿದ್ದೆಲ್ಲ ದಾನ ಅಂತ ತಿಳಿದವನು ಬೆಂಚಿಗಾಗಿ ಯಾಕೆ ಜಗಳ ಆಡುತ್ತಾನೆ? 136ನೇ ಕೀರ್ತನೆಯಲ್ಲಿ 26 ವಚನಗಳಿವೆ. ಒಂದೊಂದರ ಕೊನೆಗೂ ದೇವರ ಪ್ರೀತಿ ಶಾಶ್ವತ ಅನ್ನುವ ಪಲ್ಲವಿ ಬರುತ್ತದೆ. ನಾವು ಕುಗ್ಗಿದ್ದಾಗ ದೇವರು ನಮ್ಮನ್ನು ನೆನೆದರು ಅನ್ನುವ ಮಾತೂ ಅದರಲ್ಲಿದೆ. ಮೊದಲು ನೆನೆದವರು ದೇವರು. ನಮ್ಮ ನೆನಪು ಅದಕ್ಕೆ ಉತ್ತರ ಮಾತ್ರ. ಬಲಿಪೂಜೆಯಲ್ಲಿ ಪ್ರತಿ ಭಾನುವಾರ ಆಗುವುದೂ ಇದೇ: ತಮ್ಮ ಸ್ಮರಣೆಗಾಗಿ ಹೀಗೆ ಮಾಡಿ ಅಂದವರ ಮುಂದೆ ನಾವು ಬರಿಗೈಯಲ್ಲಿ ಸಾಲು ನಿಲ್ಲುತ್ತೇವೆ. ಆ ಸಾಲಿನಲ್ಲಿ ಜಾಗ ಕೊಟ್ಟವರಿಗೆ ದೊಡ್ಡ ಅಪ್ಪ, ಆಮೇಲೆ ಬಂದವರಿಗೆ ಚಿಕ್ಕ ಅಪ್ಪ ಕೊಡುವುದಿಲ್ಲ.

ಮೂರು ಕೆಲಸ ಕೇಳುತ್ತೇನೆ. ಮೊದಲನೆಯದು, ಮಲಗುವ ಮುಂಚೆ ಐದು ನಿಮಿಷ ಫೋನ್ ಪಕ್ಕಕ್ಕಿಟ್ಟು, ಈ ದಿನ ನಾನು ದುಡಿಯದೇ ಸಿಕ್ಕಿದ್ದು ಏನು, ಯಾರ ಕೈಯಿಂದ ಸಿಕ್ಕಿತು ಅಂತ ಹೆಸರು ಹಿಡಿದು ನೆನೆಯಿರಿ. ಎರಡನೆಯದು, ಮನೆಯ ತಾತ ಅಜ್ಜಿಯರ ಪಕ್ಕ ಕೂತು ಕೇಳಿ. ನಾವೇನು ಕೊಟ್ಟೆವು ಅಂತ ಕೇಳಬೇಡಿ. ನಮ್ಮ ಮನೆಗೆ ವಿಶ್ವಾಸ ಹೇಗೆ ಬಂತು, ಕಷ್ಟದಲ್ಲಿ ಯಾರು ಕೈ ಹಿಡಿದರು ಅಂತ ಕೇಳಿ. ಅವರು ಕನ್ನಡದಲ್ಲಿ ಹೇಳಲಿ, ತಮಿಳಿನಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿ. ಅವರು ಹೋದ ಮೇಲೆ ಆ ಮಾತು ಯಾವ ಗೂಗಲ್‌ನಲ್ಲೂ ಸಿಗುವುದಿಲ್ಲ.

ಮೂರನೆಯದು ಹಬ್ಬದ್ದು. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಮೊದಲ ಬೆಳೆಯ ಬುಟ್ಟಿ ತಂದವನು ತನ್ನ ವಂಶದ ದೊಡ್ಡಸ್ತಿಕೆ ಹೇಳುವುದಿಲ್ಲ. ನನ್ನ ಪೂರ್ವಜ ನೆಲೆಯಿಲ್ಲದೆ ಅಲೆದವನು, ನಾವು ಗುಲಾಮರಾಗಿದ್ದೆವು, ದೇವರು ಬಿಡಿಸಿ ತಂದರು ಅಂತ ಹೇಳುತ್ತಾನೆ. ಹೇಳಿ ಮುಗಿಸಿದ ಮೇಲೆ ಊರಿನಲ್ಲಿರುವ ಪರದೇಶಿಯ ಜೊತೆ ಕೂತು ಹಬ್ಬ ಮಾಡಬೇಕು ಅನ್ನುವುದೂ ಅಲ್ಲೇ ಬರೆದಿದೆ. ಹಾಗಾಗಿ ನನ್ನ ಬೇಡಿಕೆ ಇಷ್ಟು: ಈ ಸಲ ತೇರಿನ ಮುಂದೆ ಧ್ವಜ ಹಿಡಿದು ನಡೆಯಲು ನಮ್ಮ ಧರ್ಮಕೇಂದ್ರಕ್ಕೆ ಕೊನೆಯದಾಗಿ ಬಂದವರನ್ನು ಕರೆಯೋಣ. ಒಂದು ವಿಶ್ವಾಸಿಗಳ ಪ್ರಾರ್ಥನೆಯನ್ನು ಅವರ ಮಾತಿನಲ್ಲೇ ಹೇಳಿಸೋಣ. ಜಾಗ ಕೊಟ್ಟ ತಾತ ಇದ್ದಿದ್ದರೆ ಬೇಡ ಅನ್ನುತ್ತಿದ್ದರೇ? ದೇವರಿಗೆ ಅಂತ ಕೊಟ್ಟ ಜಾಗ ಅದು, ಮೊಮ್ಮಕ್ಕಳಿಗೆ ಬೆಂಚು ಕಾಯ್ದಿರಿಸಲು ಕೊಟ್ಟದ್ದಲ್ಲ.

ಮುಂದಿನ ಕ್ರಿಸ್ಮಸ್ ರಾತ್ರಿಯೂ ಜನರನ್ನು ಕೂರಿಸುವ ಕೆಲಸ ನನಗೇ ಕೊಡಿ ಅಂತ ಫಾದರ್ ಹತ್ತಿರ ಕೇಳಿಕೊಂಡಿದ್ದೇನೆ. ಆ ಹುಡುಗರು ಬಂದರೆ ಮೂರನೇ ಬೆಂಚು ಅವರದು. ನಾನು ಹೊರಗೆ ನಿಲ್ಲುತ್ತೇನೆ.