ಟಾನಿಕ್‌ಗೆ ಮೊದಲು ತಾಯಿಯ ತಟ್ಟೆ ನೋಡಿ

"ಹಕೀಮ್ ಸಾಬ್, ಮಗು ಮೈ ಹಿಡೀತಾ ಇಲ್ಲ, ಒಂದು ಟಾನಿಕ್ ಬರೆದುಕೊಡಿ." ತುಮಕೂರಿನಲ್ಲಿ ಈ ಮಾತು ಕೇಳದ ವಾರವಿಲ್ಲ. ಗುಬ್ಬಿ, ಕುಣಿಗಲ್ ಕಡೆಯಿಂದ ಬರುವವರದೂ ಇದೇ ಬೇಡಿಕೆ. ಬರೆದುಕೊಡುವುದು ಸುಲಭ. ಆದರೆ ಮನೆಯಲ್ಲಿ ಯಾರು ದುಡಿಯುತ್ತಾರೆ, ಎಲ್ಲರೂ ಉಂಡ ಮೇಲೆ ತಾಯಿಯ ತಟ್ಟೆಗೆ ಏನು ಉಳಿಯುತ್ತದೆ ಎಂದು ಕೇಳದೆ ಕೊಟ್ಟ ಟಾನಿಕ್ ದುಡ್ಡಿಗೆ ದಂಡ.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದವರಲ್ಲಿ ಶೇ. 65.5 ಮಕ್ಕಳಿಗೆ ರಕ್ತಹೀನತೆ. ಇವರೆಲ್ಲ ಹುಟ್ಟು ರೋಗಿಗಳಲ್ಲ.

ನಮ್ಮ ಮಹಲ್ಲಾಗಳಲ್ಲಿ ಬೀಡಿ ಕಟ್ಟುವ ತಾಯಂದಿರನ್ನೇ ನೋಡಿ. ಕೂಲಿ ಸಾವಿರ ಬೀಡಿಯ ಲೆಕ್ಕ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಲು ಕುಡಿಸಿದ ಪ್ರತಿ ಅರ್ಧ ಗಂಟೆಯೂ ಆ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಚಿಲ್ಲಾ ಮುಗಿಯುತ್ತಲೇ ಆಕೆ ಮತ್ತೆ ಮೊರದ ಮುಂದೆ. ಅಳುವ ಮಗುವಿನ ಕೈಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಆ ಚಹಾ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ, ಜೊತೆಗೆ ತಂಬಾಕಿನ ದೂಳು ಬೇರೆ. ಗುಬ್ಬಿ ಸೀಮೆಯಲ್ಲಿ ಅಡಿಕೆ ಸುಲಿಯುವ ಕಾಲ ಬಂದರೆ ಅಲ್ಲೂ ಇದೇ ಕಥೆ. ತಾಯಿಗೆ ಅಕ್ಕರೆ ಇಲ್ಲವೆಂದಲ್ಲ, ಹೊತ್ತಿಲ್ಲ. ಅತ್ತೆಯೋ ನಾದಿನಿಯೋ ದಿನಕ್ಕೆ ಎರಡು ಗಂಟೆ ಮನೆಗೆಲಸ ಹಂಚಿಕೊಂಡರೆ ಅದು ಯಾವ ಖಮೀರಾಕ್ಕಿಂತಲೂ ಕಡಿಮೆಯಲ್ಲ.

ಎರಡು ವರ್ಷ ಹಾಲುಣಿಸಬೇಕೆಂಬ ಖುರ್‌ಆನ್ ವಚನ ಎಲ್ಲರಿಗೂ ಗೊತ್ತು. ನಮ್ಮ ಹಕೀಮರ ಗುರು ಇಬ್ನ್ ಸೀನಾ ಹೇಳಿದ ಅವಧಿಯೂ ಅದೇ. ಆದರೆ ಅದೇ ವಚನ (ಅಲ್ ಬಕರಃ 233) ಹಾಲುಣಿಸುವ ತಾಯಿಯ ಅನ್ನ, ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸಿರುವುದನ್ನು ನಾವು ಗಂಡಸರು ಅಷ್ಟಾಗಿ ನೆನೆಯುವುದಿಲ್ಲ. ಅಕೀಕಾದ ಊಟಕ್ಕೆ ಸಾಲ ಮಾಡುವ ತಂದೆ ಬಾಣಂತಿಗೆ ದಿನಕ್ಕೊಂದು ಮೊಟ್ಟೆ ತರಲು ಹಿಂದೆಮುಂದೆ ನೋಡುತ್ತಾನೆ!

ಆರು ತಿಂಗಳವರೆಗೆ ತಾಯಿಹಾಲು ಮಾತ್ರ ಸಾಕು, ನೀರೂ ಬೇಡ. ಆಮೇಲೆ ಹಾಲಿನ ಜೊತೆ ಮೊಳಕೆ ಕಟ್ಟಿದ ರಾಗಿಯ ಸರಿ, ಕಿವುಚಿದ ಬೇಳೆ ಅನ್ನ, ಸೊಪ್ಪು, ಮೊಟ್ಟೆ. ಹೊಟ್ಟೆ ಚಿಕ್ಕದು, ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನಿಸಿ. ಕೈಗೆ ಸಾಬೂನು, ಕುಡಿಯಲು ಕುದಿಸಿ ಆರಿಸಿದ ನೀರು. ಪದೇ ಪದೇ ಭೇದಿಯಾಗುವ ಮಗು ಎಷ್ಟು ತಿಂದರೂ ಬೆಳೆಯದು.

ಅಂಗನವಾಡಿಯ ಊಟವನ್ನು ಖೈರಾತ್ ಎಂದು ತಿಳಿದು ದೂರವಿಡುವ ಮನೆಗಳಿವೆ. ಅದು 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು. ಮಕ್ಕಳಿಗೆ ಮಾತ್ರವಲ್ಲ, 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಗೂ ಬಾಣಂತಿಗೂ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ ಇದೆ. ಸೊಸೆ ಅಲ್ಲಿ ಹೋಗಿ ಉಂಡರೆ ಮನೆಯ ಮರ್ಯಾದೆ ಹೋಗುವುದಿಲ್ಲ.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಹಾಕಿಸಿ, ತೋಳಿನ ಸುತ್ತಳತೆ ತೆಗೆಸಿ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ನನ್ನ ಬಳಿಗೂ ಬರಬೇಡಿ, ನೇರ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗಿ. ಅಲ್ಲಿ ತಾಯಿ ಮಗುವಿನೊಂದಿಗೆ ಉಳಿಯಬೇಕಾಗುತ್ತದೆ. ಕೂಲಿ ತಪ್ಪಿದ್ದಕ್ಕೆ ಭತ್ಯೆಯೂ ಉಂಟು. ಮನೆಯಲ್ಲಿ ಉಳಿದ ಮಕ್ಕಳನ್ನು ಅಷ್ಟು ದಿನ ತಂದೆ ನೋಡಿಕೊಳ್ಳಲಿ.